ತಳ ಹಿಡಿಯಬೇಕು, ಸೀಯಬಾರದು: ಇರಾನಿನ ಮನೆಯಡುಗೆಯ ಒಳಗುಟ್ಟು

ನಮ್ಮಲ್ಲಿ ಅನ್ನ ತಳ ಹಿಡಿದರೆ ಅಡುಗೆ ಮಾಡಿದವರ ತಪ್ಪು. ಇರಾನಿನ ಮನೆಗಳಲ್ಲಿ ಅನ್ನ ತಳ ಹಿಡಿಯದಿದ್ದರೆ ತಪ್ಪು. ಪಾತ್ರೆಯ ತಳದಲ್ಲಿ ಎಣ್ಣೆಯನ್ನೂ ಕೇಸರಿ ನೀರನ್ನೂ ಕುಡಿದು, ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಗುವ ಆ ಪದರದ ಹೆಸರು ತಹ್‌ದೀಗ್. ಪಾರಸಿಯಲ್ಲಿ 'ತಹ್' ಎಂದರೆ ತಳ, 'ದೀಗ್' ಎಂದರೆ ಪಾತ್ರೆ. ಊಟಕ್ಕೆ ಕೂತವರ ಕೈ ಮೊದಲು ಹೋಗುವುದು ಅದರ ಕಡೆಗೇ. ಹಿಡಿಯಬೇಕು, ಆದರೆ ಸೀಯಬಾರದು. ಇವೆರಡರ ನಡುವೆ ಇರುವುದು ಕೆಲವೇ ನಿಮಿಷಗಳ ಅಂತರ. ಇರಾನಿ ಅಡುಗೆಯ ಕೈಚಳಕವೆಲ್ಲ ಇಂಥ ಅಂತರಗಳನ್ನು ಕಾಯುವುದರಲ್ಲಿದೆ.

ಇರಾನಿ ಊಟ ಎಂದಕೂಡಲೇ ಹೊರಗಿನವರಿಗೆ ನೆನಪಾಗುವುದು ಕಬಾಬ್. ಅದು ಬಹುಮಟ್ಟಿಗೆ ಹೋಟೆಲಿನದು, ಹಾಗೂ ರಜಾದಿನದ ಕೆಂಡದ್ದು. ಮನೆಯಲ್ಲಿ ದಿನನಿತ್ಯ ನಡೆಯುವುದು ಬೇರೆ: ಬಸಿದು ಹಬೆಯಲ್ಲಿ ಕೂರಿಸಿದ ಅನ್ನ, ಅದರ ಜೊತೆಗೆ ಗಂಟೆಗಟ್ಟಲೆ ಬೆಂದ ಖೊರೆಶ್, ಪಕ್ಕದಲ್ಲಿ ಹಸಿ ಸೊಪ್ಪು, ಮೊಸರು, ಉಪ್ಪಿನಕಾಯಿ. ಖೊರೆಶ್ ನಮ್ಮ ಹುಳಿಗಿಂತ ಗಟ್ಟಿ, ಪಲ್ಯಕ್ಕಿಂತ ತೆಳು. ಹೆಚ್ಚುಕಡಿಮೆ ಗೊಜ್ಜಿನ ಹದ. ಅದನ್ನು ಅನ್ನದ ಮೇಲೆ ಸುರಿದು ಕಲಸುವುದಿಲ್ಲ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿಕೊಂಡು ತಿನ್ನುತ್ತಾರೆ.

ನಮ್ಮ ಅಡುಗೆಗೆ ಪಳಗಿದ ನಾಲಿಗೆಗೆ ಮೊದಲು ಕಾಣುವ ಸಂಗತಿಯೆಂದರೆ ಮಸಾಲೆ ಎಷ್ಟು ಕಡಿಮೆ ಎಂಬುದು. ಅರಿಸಿನ, ಕಾಳುಮೆಣಸು, ಚೂರು ದಾಲ್ಚಿನ್ನಿ, ಕೇಸರಿ. ಕೆಲವು ಪಲಾವುಗಳಿಗೆ ಒಣ ಗುಲಾಬಿ ದಳ, ಏಲಕ್ಕಿ, ಜೀರಿಗೆ ಸೇರಿಸಿ ಪುಡಿ ಮಾಡಿದ 'ಅದ್ವಿಯೆ'. ಒಗ್ಗರಣೆ ಇಲ್ಲ. ದಕ್ಷಿಣದ ಕರಾವಳಿ ಬಿಟ್ಟರೆ ಖಾರವೂ ಇಲ್ಲ. ಪರ್ಷಿಯನ್ ಕೊಲ್ಲಿಯ ದಂಡೆಯ ಬೂಶೆಹ್ರ್, ಖೂಜೆಸ್ತಾನ್ ಕಡೆಯವರು ಮಾತ್ರ ಹುಣಸೆಹಣ್ಣು, ಮೆಂತ್ಯ ಸೊಪ್ಪು, ಕೊತ್ತಂಬರಿ, ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಮೀನಿನ 'ಗಲಿಯೆ ಮಾಹಿ' ಮಾಡುತ್ತಾರೆ. ಅದನ್ನು ಮಂಗಳೂರಿನವರು ಉಂಡರೆ ಹೊರಗಿನದು ಅನ್ನಿಸಲಿಕ್ಕಿಲ್ಲ. ಉಳಿದೆಡೆ ರುಚಿ ಬರುವುದು ಮೂರು ದಾರಿಗಳಿಂದ: ಈರುಳ್ಳಿ ಮತ್ತು ಸೊಪ್ಪನ್ನು ತಾಳ್ಮೆಯಿಂದ ಹುರಿಯುವುದು, ಹುಳಿ, ಸಣ್ಣ ಉರಿಯಲ್ಲಿ ಕಳೆಯುವ ಹೊತ್ತು. 'ಸಪ್ಪೆ ಇದೆಯಲ್ಲ' ಎಂದು ಗರಂ ಮಸಾಲೆ ಉದುರಿಸಿದರೆ ಆ ಅಡುಗೆ ಅಲ್ಲಿಗೇ ಮುಗಿಯಿತು.

ಅನ್ನ: ಬಸಿಯುವುದು, ಕೂರಿಸುವುದು

ಇರಾನಿನಲ್ಲಿ ಭತ್ತ ಮುಖ್ಯವಾಗಿ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ಮತ್ತು ಮಾಜಂದರಾನ್ ಪ್ರಾಂತ್ಯಗಳ ಬೆಳೆ. ತಾರೊಮ್, ಹಾಶೆಮಿ, ದೋಮ್‌ಸಿಯಾ ಅಲ್ಲಿಯ ಹೆಸರಾಂತ ತಳಿಗಳು. 'ದೋಮ್‌ಸಿಯಾ' ಎಂದರೆ ಕಪ್ಪು ಬಾಲದ್ದು. ಬೆಳೆದದ್ದು ಸಾಲದೆ ಭಾರತದ ಬಾಸ್ಮತಿಯನ್ನು ಇರಾನ್ ದೊಡ್ಡ ಪ್ರಮಾಣದಲ್ಲಿ ತರಿಸಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಈ ಅನ್ನ ಮಾಡಲು ಹೊರಟವರಿಗೆ ಅಕ್ಕಿಯ ಚಿಂತೆಯಿಲ್ಲ: ಹಳೆಯ, ಉದ್ದ ಅಗುಳಿನ ಬಾಸ್ಮತಿ ತಂದರಾಯಿತು. ಸೋನಾಮಸೂರಿ ಈ ಕೆಲಸಕ್ಕೆ ಒಗ್ಗುವುದಿಲ್ಲ. ಅಗುಳು ಗಿಡ್ಡ, ಬಸಿಯುವಷ್ಟರಲ್ಲಿ ಮೆತ್ತಗಾಗುತ್ತದೆ.

ಅನ್ನಕ್ಕೆ ಅಲ್ಲಿ ಮೂರು ಹೆಸರು. ನೀರನ್ನೆಲ್ಲ ಇಂಗಿಸಿ ಮಾಡುವುದು 'ಕತೆ'. ಕ್ಯಾಸ್ಪಿಯನ್ ದಂಡೆಯವರ ದಿನದ ಅನ್ನ ಇದು. ಮೆತ್ತಗಿದ್ದು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬೇಗ ಆಗುತ್ತದೆ. ಅರೆಬೇಯಿಸಿ, ಬಸಿದು, ಆಮೇಲೆ ಹಬೆಯಲ್ಲಿ ಕೂರಿಸಿದ ಬಿಳಿ ಅನ್ನ 'ಚೆಲೊ'. ಅದೇ ವಿಧಾನದಲ್ಲಿ ನಡುನಡುವೆ ಸೊಪ್ಪು, ಕಾಳು, ಹಣ್ಣು ಪದರ ಹಾಕಿ ಕೂರಿಸಿದ್ದು 'ಪೊಲೊ'. ನಮ್ಮ ಪಲಾವಿನ ಹೆಸರಿಗೆ ಇದೇ ನೆಂಟ. ಹಬೆಯಲ್ಲಿ ಕೂರಿಸುವ ಕೆಲಸಕ್ಕೆ ಅವರು 'ದಮ್ ಕರ್ದನ್' ಎನ್ನುತ್ತಾರೆ. 'ದಮ್' ಎಂದರೆ ಉಸಿರು. ದಮ್ ಬಿರಿಯಾನಿಯ ದಮ್ ಅದೇ.

ಐದು ಜನಕ್ಕೆ 3 ಕಪ್ ಅಕ್ಕಿ, ಅಂದರೆ ಸುಮಾರು 600 ಗ್ರಾಂ. ನಾಲ್ಕೈದು ನೀರಿನಲ್ಲಿ ಕೈ ಹಗುರವಾಗಿ ಆಡಿಸಿ ತೊಳೆಯಿರಿ. ಉಜ್ಜಿದರೆ ಉದ್ದ ಅಗುಳು ಮುರಿಯುತ್ತದೆ, ಮುರಿದ ತುದಿಗಳಿಂದ ಹಿಟ್ಟು ಬಿಡುತ್ತದೆ. 2 ಚಮಚ ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿಡಿ. ನೆನೆದ ಅಗುಳು ಒಳಗಿನವರೆಗೂ ನೀರು ಕುಡಿದಿರುವುದರಿಂದ ಬೇಯುವಾಗ ಹೊರಗೂ ಒಳಗೂ ಸರಿಸಮನಾಗಿ ಬೇಯುತ್ತದೆ, ಉದ್ದಕ್ಕೂ ಹಿಗ್ಗುತ್ತದೆ. ನೆನೆಸದೆ ಹಾಕಿದರೆ ಹೊರಗೆ ಮುದ್ದೆ, ಒಳಗೆ ಗಟ್ಟಿ.

ದೊಡ್ಡ ಪಾತ್ರೆಯಲ್ಲಿ 3 ಲೀಟರ್ ನೀರು ಕುದಿಯಲಿ. ಇನ್ನೂ 2 ಚಮಚ ಉಪ್ಪು ಹಾಕಿ, ನೆನೆಸಿದ ನೀರು ಚೆಲ್ಲಿ, ಅಕ್ಕಿ ಸುರಿಯಿರಿ. ಇಷ್ಟೊಂದು ಉಪ್ಪೇ ಎಂದು ಹೆದರುವುದು ಬೇಡ, ಬಹುಪಾಲು ಗಂಜಿಯ ಜೊತೆ ಹೊರಟುಹೋಗುತ್ತದೆ. ಇಲ್ಲಿಂದ ಮುಂದಿನ 6ರಿಂದ 8 ನಿಮಿಷ ಒಲೆಯ ಮುಂದಿನಿಂದ ಅಲುಗಬಾರದು. ನಾಲ್ಕನೆಯ ನಿಮಿಷದಿಂದ ಒಂದೊಂದೇ ಅಗುಳು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡಬೇಕು. ಮೊದಮೊದಲು ಅದು ಚಟ್ಟೆನ್ನುತ್ತದೆ, ಒಳಗೆ ಸುಣ್ಣದಂಥ ಬಿಳಿ ಗೆರೆ ದಪ್ಪಗಿರುತ್ತದೆ. ಸ್ವಲ್ಪ ಹೊತ್ತಿಗೆ ಹೊರಭಾಗ ಮೆತ್ತಗಾಗಿ, ಒತ್ತಿದಾಗ ಎರಡು ಮೂರು ತುಂಡಾಗುತ್ತದೆ, ನಡುವೆ ದಾರದ ಎಳೆಯಷ್ಟು ಗಟ್ಟಿ ಮಾತ್ರ ಉಳಿದಿರುತ್ತದೆ. ಬಸಿಯಬೇಕಾದ ಗಳಿಗೆ ಅದೇ. ಬೆರಳ ನಡುವೆ ಪೂರ್ತಿ ಅರೆದುಹೋಯಿತೆಂದರೆ ಹೊತ್ತು ಮೀರಿದೆ. ಹಬೆಯಲ್ಲಿ ಇನ್ನೂ ಮುಕ್ಕಾಲು ಗಂಟೆ ಕೂರಬೇಕಾದ ಅನ್ನ ಅದು, ಮುದ್ದೆಯಾಗದೆ ಇರದು. ಗಂಜಿ ಬಸಿದು ಅನ್ನ ಮಾಡಿ ಗೊತ್ತಿರುವವರಿಗೆ ಈ ಹದ ಹೊಸದಲ್ಲ. ನಾವು ಬಸಿಯುವುದಕ್ಕಿಂತ ಒಂದೆರಡು ನಿಮಿಷ ಮುಂಚೆ ಅವರು ಬಸಿಯುತ್ತಾರೆ, ಅಷ್ಟೆ. ಬಸಿದ ಮೇಲೆ ಒಂದು ಅಗುಳು ಬಾಯಿಗೆ ಹಾಕಿಕೊಳ್ಳಿ. ಉಪ್ಪು ಹೆಚ್ಚೆನಿಸಿದರೆ ಒಂದು ಚೊಂಬು ಉಗುರುಬೆಚ್ಚಗಿನ ನೀರು ಮೇಲಿಂದ ಹುಯ್ಯಿರಿ.

ಈಗ ತಳದ ಕೆಲಸ. ದಪ್ಪ ತಳದ, ಸಾಧ್ಯವಿದ್ದರೆ ನಾನ್‌ಸ್ಟಿಕ್ ಪಾತ್ರೆ ಬೇಕು. ತೆಳು ಅಲ್ಯುಮಿನಿಯಂ ಪಾತ್ರೆಯಲ್ಲಿ ಉರಿ ಬಿದ್ದ ಕಡೆ ಕಪ್ಪು, ಉಳಿದ ಕಡೆ ಬಿಳುಪು. 4 ಚಮಚ ಎಣ್ಣೆ, 2 ಚಮಚ ನೀರು, ಒಂದಿಷ್ಟು ಕೇಸರಿ ನೀರು ಹಾಕಿ ಬಿಸಿ ಮಾಡಿ. ಇದರ ಮೇಲೆ ಏನು ಹಾಸುತ್ತೀರೋ ಅದೇ ತಹ್‌ದೀಗ್ ಆಗುತ್ತದೆ. ಬರೀ ಅನ್ನವನ್ನೇ ಹಾಸಬಹುದು; ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕೊಯ್ದ ಆಲೂಗಡ್ಡೆ ಬಿಲ್ಲೆಗಳನ್ನೋ, ಲವಾಶ್ ಎಂಬ ತೆಳು ರೊಟ್ಟಿಯನ್ನೋ ಹಾಸಬಹುದು. ಎರಡು ಸೌಟು ಅನ್ನಕ್ಕೆ 3 ಚಮಚ ಗಟ್ಟಿ ಮೊಸರು, ಒಂದು ಮೊಟ್ಟೆಯ ಹಳದಿ, ಕೇಸರಿ ನೀರು ಕಲಸಿ ಹಾಸಿದರೆ ದಪ್ಪಗೆ, ಬಿಡಿಸಿಕೊಳ್ಳಲು ಸುಲಭವಾಗಿ ಬರುತ್ತದೆ. ಮೊದಲ ಸಲಕ್ಕೆ ಆಲೂಗಡ್ಡೆಯೇ ಕ್ಷೇಮ. ಅದು ಉರಿಯ ಏರುಪೇರನ್ನು ತಡೆದುಕೊಳ್ಳುತ್ತದೆ.

ಉಳಿದ ಅನ್ನವನ್ನು ಜಾಲರಿ ಸೌಟಿನಿಂದ ಉದುರಿಸುತ್ತಾ ಗೋಪುರದ ಹಾಗೆ ಪೇರಿಸಿ, ಒತ್ತಬೇಡಿ. ಸೌಟಿನ ಹಿಡಿಯಿಂದ ಐದಾರು ಕಡೆ ತಳದ ಹತ್ತಿರದವರೆಗೂ ತೂತು ಮಾಡಿ. ಹಬೆ ಮೇಲೇರಲು ಅವು ದಾರಿ. ಮುಚ್ಚಿ, ಮಧ್ಯಮಕ್ಕಿಂತ ಸ್ವಲ್ಪ ಜೋರು ಉರಿಯಲ್ಲಿ 5ರಿಂದ 7 ನಿಮಿಷ ಇಡಿ. ಒದ್ದೆ ಬೆರಳನ್ನು ಪಾತ್ರೆಯ ಹೊರಮೈಗೆ ಸೋಕಿಸಿದರೆ ಚುರ್ ಎನ್ನಬೇಕು, ಮುಚ್ಚಳ ಎತ್ತಿದರೆ ಹಬೆ ಮುಖಕ್ಕೆ ಬರಬೇಕು. ಆಗ ಕಾಲು ಕಪ್ ಬಿಸಿನೀರಿಗೆ 3 ಚಮಚ ಕರಗಿದ ಬೆಣ್ಣೆ ಬೆರೆಸಿ ಮೇಲೆ ಚಿಮುಕಿಸಿ, ಮುಚ್ಚಳಕ್ಕೆ ದಪ್ಪ ಹತ್ತಿಬಟ್ಟೆ ಸುತ್ತಿ ಮುಚ್ಚಿ, ಉರಿಯನ್ನು ಪೂರ್ತಿ ಸಣ್ಣ ಮಾಡಿ. ಬಟ್ಟೆಯ ತುದಿಗಳನ್ನು ಮುಚ್ಚಳದ ಮೇಲೆ ಗಂಟು ಹಾಕಿ, ಕೆಳಗೆ ಜೋತುಬಿದ್ದರೆ ಬೆಂಕಿ ಹತ್ತುತ್ತದೆ. ಈ ಕೆಲಸಕ್ಕೆಂದೇ ಹೊಲಿದ ಬಟ್ಟೆಗೆ ಅಲ್ಲಿ 'ದಮ್‌ಕೊನಿ' ಎನ್ನುತ್ತಾರೆ. ಅದಿಲ್ಲದಿದ್ದರೆ ಮುಚ್ಚಳಕ್ಕೆ ತಾಗಿದ ಹಬೆ ನೀರಾಗಿ ಮತ್ತೆ ಅನ್ನದ ಮೇಲೇ ತೊಟ್ಟಿಕ್ಕುತ್ತದೆ, ಮೇಲಿನ ಅನ್ನ ಒದ್ದೆಯಾಗುತ್ತದೆ. 45ರಿಂದ 50 ನಿಮಿಷ ಮುಚ್ಚಳ ತೆಗೆಯಬಾರದು. ಇಳಿಸಿದ ಕೂಡಲೇ ಪಾತ್ರೆಯ ತಳವನ್ನು ಒಂದೆರಡು ನಿಮಿಷ ತಣ್ಣೀರಿನ ತಟ್ಟೆಯಲ್ಲಿ ಇಟ್ಟರೆ ತಹ್‌ದೀಗ್ ಪಾತ್ರೆಯಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ.

ಕೆಡುವುದು ಎಲ್ಲಿ? ತಹ್‌ದೀಗ್ ಬಿಳುಚಿಕೊಂಡು ಜಿಗುಟಾದರೆ ಮೊದಲ ಐದು ನಿಮಿಷದ ಉರಿ ಸಾಲಲಿಲ್ಲ, ಇಲ್ಲವೇ ಎಣ್ಣೆಗೆ ಕೈ ಹಿಡಿದಿರಿ. ಅಂಟಿಕೊಂಡು ಚೂರುಚೂರಾದರೆ ಎಣ್ಣೆ ಕಾಯುವ ಮುಂಚೆಯೇ ಅನ್ನ ಹಾಸಿದಿರಿ. ಸೀದ ವಾಸನೆ ಬಂದರೆ ಅನ್ನವನ್ನು ಕದಡಬೇಡಿ, ಕೆರೆಯಬೇಡಿ: ಮೇಲಿನದನ್ನಷ್ಟೇ ಹಗುರಾಗಿ ಬೇರೆ ಪಾತ್ರೆಗೆ ತೆಗೆಯಿರಿ, ಅದು ಬಚಾವಾಗುತ್ತದೆ. ಮನೆಯ ಒಲೆಯ ಅತಿ ಸಣ್ಣ ಉರಿಯೂ ಜೋರು ಅನ್ನಿಸಿದರೆ ಪಾತ್ರೆಯ ಕೆಳಗೆ ದಪ್ಪ ದೋಸೆ ಹಂಚು ಇಡಿ.

ಕೇಸರಿಯ ಬಗ್ಗೆ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಹೆಚ್ಚಿನವರು ಹಣ ಹಾಳುಮಾಡಿಕೊಳ್ಳುವುದು ಇದರಲ್ಲಿ. ಜಗತ್ತಿನ ಕೇಸರಿಯ ಬಹುಪಾಲು ಬೆಳೆಯುವುದು ಇರಾನಿನ ಪೂರ್ವದ ಖೊರಾಸಾನಿನಲ್ಲಿ. ಅಷ್ಟು ಬೆಳೆಯುವವರೂ ಎಸಳನ್ನು ಹಾಗೇ ಪಾತ್ರೆಗೆ ಎಸೆಯುವುದಿಲ್ಲ. ಒಂದು ಚಿಟಿಕೆ ಎಸಳಿಗೆ ಒಂದು ಚಿಟಿಕೆ ಸಕ್ಕರೆ ಸೇರಿಸಿ ಪುಟ್ಟ ಕುಟ್ಟಾಣಿಯಲ್ಲಿ ನುಣ್ಣಗೆ ಪುಡಿ ಮಾಡಿ, 3 ಚಮಚ ಬಿಸಿನೀರು ಹಾಕಿ, ಮುಚ್ಚಿ, 15 ನಿಮಿಷ ಬಿಡುತ್ತಾರೆ. ನೀರು ಬಿಸಿ ಇರಲಿ, ಕುದಿಯುತ್ತಿರಬಾರದು. ಕುದಿಯುವ ನೀರಿಗೆ ಪರಿಮಳ ಹಾರಿಹೋಗುತ್ತದೆ. ಪುಡಿಯ ಮೇಲೆ ಐಸಿನ ತುಂಡಿಟ್ಟು ತಾನಾಗಿ ಕರಗಲು ಬಿಡುವ ಪದ್ಧತಿಯೂ ಇದೆ. ಸಕ್ಕರೆ ಸಿಹಿಗಲ್ಲ, ಅದರ ಹರಳು ಎಸಳನ್ನು ಅರೆಯಲು ನೆರವಾಗುತ್ತದೆ. ಬಡಿಸುವಾಗ ಒಂದೆರಡು ಸೌಟು ಅನ್ನವನ್ನು ಈ ನೀರಿನಲ್ಲಿ ಕಲಸಿ ಬಿಳಿ ಅನ್ನದ ಮೇಲೆ ಹರಡಿದರೆ ಸಾಕು.

ಗೊರ್ಮೆ ಸಬ್ಜಿ: ಸೊಪ್ಪು ಕಪ್ಪಾಗುವವರೆಗೆ

ಇರಾನಿಯರಿಗೆ ಮನೆಯ ನೆನಪು ತರುವ ಅಡುಗೆ ಯಾವುದೆಂದು ಕೇಳಿದರೆ ಉತ್ತರ ಬಹುಶಃ ಗೊರ್ಮೆ ಸಬ್ಜಿ. 'ಸಬ್ಜಿ' ಅಂದರೆ ಹಿಂದಿಯ ತರಕಾರಿ ಎಂದುಕೊಳ್ಳಬಾರದು, ನಮ್ಮ 'ಸೊಪ್ಪು' ಎಂಬ ಮಾತೇ ಅದಕ್ಕೆ ಸರಿ. ಆರು ಜನಕ್ಕೆ ಸೊಪ್ಪೇ ಒಂದು ಕಿಲೋ ಬೇಕು: ಪಾರ್ಸ್ಲಿ 400 ಗ್ರಾಂ, 'ತರೆ' ಎಂಬ ಈರುಳ್ಳಿ ಜಾತಿಯ ಚಪ್ಪಟೆ ಎಲೆ 300, ಕೊತ್ತಂಬರಿ 200, ಮೆಂತ್ಯ ಸೊಪ್ಪು 100. ತರೆ ನಮ್ಮಲ್ಲಿ ಸಿಗುವುದಿಲ್ಲ, ಈರುಳ್ಳಿ ಸೊಪ್ಪಿನ ಹಸಿರು ಭಾಗ ಆ ಜಾಗ ತುಂಬುತ್ತದೆ. ಮೆಂತ್ಯ ನಮ್ಮದೇ ಗಿಡ. ಆದರೆ 'ಇನ್ನೊಂದು ಕಟ್ಟು ಇರಲಿ' ಎನ್ನಬೇಡಿ. ಹತ್ತರಲ್ಲಿ ಒಂದು ಪಾಲು ದಾಟಿದರೆ ಇಡೀ ಪಾತ್ರೆ ಕಹಿ. ಒಣ ಮೆಂತ್ಯ ಸೊಪ್ಪಾದರೆ 2 ಚಮಚ ಸಾಕು. ಜೊತೆಗೆ 600 ಗ್ರಾಂ ಎಲುಬು ಸಹಿತದ ಕುರಿಮಾಂಸ, ರಾತ್ರಿ ನೆನೆಸಿದ 1 ಕಪ್ ರಾಜ್ಮಾ, 2 ಈರುಳ್ಳಿ, 1 ಟೀ ಚಮಚ ಅರಿಸಿನ, 4 ಒಣ ನಿಂಬೆ.

ಈ ಒಣ ನಿಂಬೆಗೆ 'ಲಿಮೂ ಅಮಾನಿ', ಅಂದರೆ ಒಮಾನಿನ ನಿಂಬೆ, ಎಂದು ಹೆಸರು. ಚಿಕ್ಕ ನಿಂಬೆಯನ್ನು ಉಪ್ಪುನೀರಿನಲ್ಲಿ ಕುದಿಸಿ ಬಿಸಿಲಿಗೆ ಒಣಗಿಸುತ್ತಾರೆ. ಕೈಗೆತ್ತಿಕೊಂಡರೆ ತೂಕವೇ ಇರುವುದಿಲ್ಲ. ಹುಳಿಯ ಜೊತೆ ಸ್ವಲ್ಪ ಒಗರು, ಸ್ವಲ್ಪ ಹುದುಗಿನ ಪರಿಮಳ. ಹಸಿ ನಿಂಬೆರಸ ಹುಳಿಯನ್ನು ಕೊಡುತ್ತದೆ, ಈ ಪರಿಮಳವನ್ನು ಕೊಡುವುದಿಲ್ಲ.

ಸೊಪ್ಪನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ನೀರಿನ ಪಸೆ ಪೂರ್ತಿ ಆರಿದ ಮೇಲೆ ಸಣ್ಣಗೆ ಹೆಚ್ಚಬೇಕು. ಮಿಕ್ಸಿಗೆ ಹಾಕಿದರೆ ರಸ ಬಿಟ್ಟು ಚಟ್ನಿಯಾಗುತ್ತದೆ, ಆಮೇಲೆ ಅದು ಹುರಿಯುವುದಿಲ್ಲ, ಬೇಯುತ್ತದೆ. ಅಗಲ ಬಾಣಲೆಯಲ್ಲಿ ಅರ್ಧ ಕಪ್ ಎಣ್ಣೆ ಕಾಯಿಸಿ ಸೊಪ್ಪು ಹಾಕಿ, ಮಧ್ಯಮ ಉರಿಯಲ್ಲಿ ಬಿಡದೆ ಕೈಯಾಡಿಸಿ. ಗುಡ್ಡದಂತಿದ್ದದ್ದು ಐದು ನಿಮಿಷಕ್ಕೆ ಹಿಡಿಯಷ್ಟಾಗುತ್ತದೆ. ಈಗಿನ ಹೊಳೆಯುವ ಹಸಿರು ನೋಡಿ 'ಆಯಿತು' ಎಂದು ಇಳಿಸುವವರೇ ಹೆಚ್ಚು, ಇಡೀ ಅಡುಗೆ ಕೈಕೊಡುವುದೂ ಅಲ್ಲೇ. ಹತ್ತು ನಿಮಿಷಕ್ಕೆ ಹಸಿರು ಮಬ್ಬಾಗುತ್ತದೆ, ನೀರಿನ ಸದ್ದು ನಿಂತು ಎಣ್ಣೆಯ ಸದ್ದು ಶುರುವಾಗುತ್ತದೆ. ಇಪ್ಪತ್ತಕ್ಕೆ ಬಣ್ಣ ಕಡು ಪಾಚಿ, ಹಸಿ ವಾಸನೆ ಹೋಗಿ ಹುರಿದ ಚಹಾ ಎಲೆಯಂಥ ಘಮ. ಇಪ್ಪತ್ತೈದರ ಹೊತ್ತಿಗೆ ಬಾಣಲೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಿರುತ್ತದೆ, ಸೊಪ್ಪು ಕಪ್ಪಿಗೆ ಸಮೀಪದ ಹಸಿರು. ನಿಲ್ಲಿಸುವುದು ಇಲ್ಲಿ. ಕಂದು ಬಂದರೆ ಕಹಿ. ಮೆಂತ್ಯವನ್ನು ಕೊನೆಯ ಐದು ನಿಮಿಷಕ್ಕೆ ಸೇರಿಸಿದರೆ ಕ್ಷೇಮ, ಎಲ್ಲಕ್ಕಿಂತ ಮೊದಲು ಸೀಯುವುದು ಅದೇ.

ಬೇರೆ ಪಾತ್ರೆಯಲ್ಲಿ ಈರುಳ್ಳಿ ಹೊಂಬಣ್ಣಕ್ಕೆ ಹುರಿದು, ಮಾಂಸ ಹಾಕಿ ಎಲ್ಲ ಬದಿ ಕೆಂಪಾಗಿಸಿ, ಕೊನೆಯಲ್ಲಿ ಅರಿಸಿನ ಹಾಕಿ. ರಾಜ್ಮಾ ನೆನೆದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷ ಕೊತಕೊತ ಕುದಿಸಿ, ಆ ನೀರನ್ನೂ ಚೆಲ್ಲಿ ಆಮೇಲೆ ಸೇರಿಸಿ. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ, ಸಣ್ಣ ಉರಿಯೊಂದನ್ನೇ ನಂಬಿ ಬಿಡುವಂತಿಲ್ಲ. ಎಲ್ಲವೂ ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ನೀರು, ಹುರಿದ ಸೊಪ್ಪು, ಮುಚ್ಚಳ, ಸಣ್ಣ ಉರಿ. ಎರಡು ಗಂಟೆ.

ಒಣ ನಿಂಬೆಯನ್ನು ಕೊನೆಯ ಮುಕ್ಕಾಲು ಗಂಟೆಗೆ ಹಾಕುವುದಕ್ಕೆ ಎರಡು ಕಾರಣ. ಹುಳಿ ಬಿದ್ದ ಮೇಲೆ ಕಾಳು ಬೇಗ ಮೆತ್ತಗಾಗುವುದಿಲ್ಲ. ನಿಂಬೆ ತೀರಾ ಹೊತ್ತು ಕುದಿದರೆ ಒಡೆದು ಬೀಜದ ಕಹಿ ಬಿಡುತ್ತದೆ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಚಾಕುವಿನ ತುದಿಯಿಂದ ಎರಡು ಕಡೆ ಚುಚ್ಚಿ ಹಾಕಿ. ಉಪ್ಪೂ ಆಗಲೇ.

ಆಯಿತೆಂದು ತಿಳಿಯುವುದು ಗಡಿಯಾರದಿಂದಲ್ಲ. ಖೊರೆಶ್ 'ಜಾ ಒಫ್ತಾದೆ' ಆಗಬೇಕು ಎನ್ನುತ್ತಾರೆ ಇರಾನಿಯರು. ತನ್ನ ಜಾಗದಲ್ಲಿ ಕೂತಿತು ಎಂದರ್ಥ, ನಾವು ಹದಕ್ಕೆ ಬಂತು ಎನ್ನುವ ಹಾಗೆ. ನೀರು ಬೇರೆ ಸೊಪ್ಪು ಬೇರೆ ಎಂದು ಕಾಣುತ್ತಿದ್ದರೆ ಇನ್ನೂ ಕೂತಿಲ್ಲ. ಎರಡೂ ಒಂದಾಗಿ, ಮೇಲೆ ಎಣ್ಣೆಯ ತೆಳು ಕೆನೆ ತೇಲಿದಾಗ ಕೂತಿದೆ. ಅವಸರಕ್ಕೆ ಕುಕ್ಕರಿನಲ್ಲಿ ಕೂಗಿಸಿದರೆ ಮಾಂಸ ಬೇಯುತ್ತದೆ, ಈ ಕೂಡುವಿಕೆ ಬರುವುದಿಲ್ಲ. ಕುಕ್ಕರ್ ಬಳಸಲೇಬೇಕೆಂದರೆ ಮಾಂಸ, ಕಾಳನ್ನು ಅದರಲ್ಲಿ ಬೇಯಿಸಿಕೊಂಡು, ಸೊಪ್ಪು ಸೇರಿಸಿದ ಮೇಲೆ ತೆರೆದ ಪಾತ್ರೆಯಲ್ಲಿ ಒಂದು ಗಂಟೆಯಾದರೂ ಸಣ್ಣ ಉರಿಯಲ್ಲಿಡಿ. ಮಾರನೆಯ ದಿನಕ್ಕೆ ರುಚಿ ಇನ್ನೂ ಹೆಚ್ಚು. ಸೊಪ್ಪಿನ ಕೆಲಸವೇ ಭಾರವೆನಿಸಿದರೆ ಮೂರು ಕಿಲೋ ಒಮ್ಮೆಲೇ ಹುರಿದು ಪೊಟ್ಟಣ ಮಾಡಿ ಫ್ರೀಜರಿನಲ್ಲಿಡಿ. ಇರಾನಿನ ಮನೆಗಳಲ್ಲೂ ಹಾಗೇ ಮಾಡುತ್ತಾರೆ.

ಅಕ್ರೋಟು, ದಾಳಿಂಬೆ ಮತ್ತು ಉಷ್ಣ–ಶೀತ

ಉಷ್ಣ, ತಂಪು ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಇರುವಂತೆಯೇ ಇರಾನಿನಲ್ಲೂ ಇದೆ. ಅಲ್ಲಿ ಅದಕ್ಕೆ 'ಗರ್ಮಿ', 'ಸರ್ದಿ' ಎನ್ನುತ್ತಾರೆ. ಒಲೆಯ ಬಿಸಿಗೂ ಅದಕ್ಕೂ ಸಂಬಂಧವಿಲ್ಲ, ದೇಹಕ್ಕೆ ಏನು ಮಾಡುತ್ತದೆ ಎಂಬ ಎಣಿಕೆ ಅದು. ಮೊಸರು ತಂಪು, ಒಣ ಪುದೀನ ಉಷ್ಣ. ಆದ್ದರಿಂದ ಸೌತೆಕಾಯಿ ಹಾಕಿದ ಮೊಸರಿನ 'ಮಾಸ್ತ್ ಓ ಖಿಯಾರ್' ಮೇಲೆ ಒಣ ಪುದೀನ ಉದುರುತ್ತದೆ. ಅಕ್ರೋಟು ಉಷ್ಣ, ದಾಳಿಂಬೆ ತಂಪು, ಎರಡೂ ಸೇರಿದರೆ ಫೆಸೆಂಜಾನ್.

ಫೆಸೆಂಜಾನ್ ಕಂಡರೆ ಕೆಸರಿನ ಬಣ್ಣ. ರುಚಿಗೆ ಇದನ್ನು ಮೀರಿಸುವ ಖೊರೆಶ್ ಇಲ್ಲವೆಂದೇ ಹೇಳಬೇಕು. ಒಂದು ಕೋಳಿಗೆ 300 ಗ್ರಾಂ ಅಕ್ರೋಟು. ಮೊದಲು ಒಂದು ತುಂಡು ಬಾಯಿಗೆ ಹಾಕಿ ನೋಡಿ. ಕಮಟು ಇದ್ದರೆ ಅಲ್ಲೇ ನಿಲ್ಲಿಸಿ, ಎರಡು ಗಂಟೆ ಬೇಯಿಸಿದರೂ ಆ ಕಮಟು ಹೋಗುವುದಿಲ್ಲ, ಹೆಚ್ಚುತ್ತದೆ. ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಆರಿದ ಮೇಲೆ ಆದಷ್ಟು ನುಣ್ಣಗೆ ಪುಡಿ ಮಾಡಿ, 3 ಕಪ್ ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿ. ಆಗಾಗ ತಳ ಮುಟ್ಟಿ ಕಲಕದಿದ್ದರೆ ಹತ್ತುತ್ತದೆ. ನಡುವೆ ಒಂದೆರಡು ಸಲ ಐಸಿನ ತುಂಡು ಇಲ್ಲವೇ ಅರ್ಧ ಕಪ್ ತಣ್ಣೀರು ಹಾಕುವುದು ವಾಡಿಕೆ. ಹಾಗೆ ಮಾಡಿದರೆ ಅಕ್ರೋಟು ಎಣ್ಣೆ ಚೆನ್ನಾಗಿ ಬಿಡುತ್ತದೆ ಎಂದು ಅಡುಗೆಯವರು ಹೇಳುತ್ತಾರೆ. ಮೇಲೆ ಕಂದು ಎಣ್ಣೆ ತೇಲಿದಾಗ ಹುರಿದ ಈರುಳ್ಳಿ, ಕೆಂಪಗೆ ಹುರಿದ ಕೋಳಿ ತುಂಡು, ದಾಳಿಂಬೆ ರಸವನ್ನು ಗಟ್ಟಿಯಾಗಿ ಕಾಯಿಸಿದ 'ರೋಬ್' ಅರ್ಧ ಕಪ್ ಸೇರಿಸಿ ಇನ್ನೊಂದು ಗಂಟೆ ಇಡಿ. ರೋಬಿನ ಹುಳಿ ಸೀಸೆಯಿಂದ ಸೀಸೆಗೆ ಬೇರೆ, ಪೂರ್ತಿ ಒಮ್ಮೆಲೇ ಸುರಿಯಬೇಡಿ. ಸಕ್ಕರೆ ಎಷ್ಟು ಎಂಬುದು ಊರಿನ ಮೇಲೆ: ಗೀಲಾನಿನವರು ಹುಳಿಯಾಗಿ, ಬಾತುಕೋಳಿಯಲ್ಲಿ ಮಾಡುತ್ತಾರೆ, ಟೆಹ್ರಾನ್ ಕಡೆ ಸಿಹಿ ಹುಳಿ. ಒಂದು ಚಮಚದಿಂದ ಶುರುಮಾಡಿ ರುಚಿ ನೋಡುತ್ತಾ ಹೋಗಿ.

ದಿನದ ಖೊರೆಶ್‌ಗಳಲ್ಲಿ ಗೇಮೆ ಸುಲಭ. ಅವರ 'ಲಪೆ'ಗೆ ಬದಲು ನಮ್ಮ ಕಡಲೆಬೇಳೆ ನಡೆಯುತ್ತದೆ, ಮಾಂಸ ಚಿಕ್ಕ ತುಂಡು, ಒಣ ನಿಂಬೆ, ಚೂರು ದಾಲ್ಚಿನ್ನಿ, ಮೇಲೆ ಕಡ್ಡಿಯಂತೆ ಕೊಯ್ದು ಕರಿದ ಆಲೂಗಡ್ಡೆ. ಇದರಲ್ಲಿ ಬೀಳುವ 2 ಚಮಚ ಟೊಮೆಟೊ ಪೇಸ್ಟನ್ನು ನೀರಿಗೆ ಕದಡಿ ಹಾಕಬಾರದು, ಎಣ್ಣೆಯಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುವವರೆಗೆ ಹುರಿಯಬೇಕು. ಮೊಹರಂ ತಿಂಗಳಿನಲ್ಲಿ ಹರಕೆಯ ಊಟವಾಗಿ ದೊಡ್ಡ ದೊಡ್ಡ ಹಂಡೆಗಳಲ್ಲಿ ಗೇಮೆ ಬೇಯಿಸಿ ಬೀದಿಗೆಲ್ಲ ಹಂಚುತ್ತಾರೆ.

ಪೊಲೊಗಳಲ್ಲಿ ನಮಗೆ ಹತ್ತಿರದ್ದು ಬಾಗಲಿ ಪೊಲೊ. ಸಬ್ಬಸಿಗೆ ಸೊಪ್ಪು ಮತ್ತು 'ಬಾಗಲಿ' ಎಂಬ ದಪ್ಪ ಕಾಳು. ಕಾಳಿನ ಮೇಲಿನ ದಪ್ಪ ಸಿಪ್ಪೆಯನ್ನು ಒಂದೊಂದಾಗಿ ಹಿಸುಕಿ ತೆಗೆಯಬೇಕು. ಹಿತಕಿದ ಅವರೆಬೇಳೆಗೆ ಕೂತು ಅಭ್ಯಾಸವಿರುವ ಬೆರಳುಗಳಿಗೆ ಈ ಕೆಲಸ ಹೇಳಿಕೊಡಬೇಕಿಲ್ಲ. ಅವರೆ ಬೇರೆ ಕಾಳು, ಘಮವೂ ಬೇರೆ, ಆದರೂ ಚಳಿಗಾಲದ ಹಿತಕಿದ ಅವರೆಯಲ್ಲಿ ಈ ಪೊಲೊ ಸೊಗಸಾಗಿ ಬರುತ್ತದೆ. 3 ಕಪ್ ಅಕ್ಕಿಗೆ 250 ಗ್ರಾಂ ಸಬ್ಬಸಿಗೆ, 2 ಕಪ್ ಕಾಳು. ಕಾಳನ್ನು ಅನ್ನ ಬಸಿಯುವ ಎರಡು ನಿಮಿಷ ಮುಂಚೆ ಅದೇ ನೀರಿಗೆ ಹಾಕಿ, ಎರಡನ್ನೂ ಒಟ್ಟಿಗೆ ಬಸಿಯಿರಿ. ಸೊಪ್ಪು ಒಣಗಿರಲಿ; ಒದ್ದೆ ಸಬ್ಬಸಿಗೆ ಪದರ ಹಾಕಿದರೆ ಆ ಜಾಗದ ಅನ್ನ ಗಂಟುಗಂಟಾಗುತ್ತದೆ. ಇದೇ ಬಗೆಯಲ್ಲಿ ಕೋಳಿಯ ಜೊತೆ ಬಡಿಸುವ 'ಜರಿಶ್ಕ್ ಪೊಲೊ'ಗೆ ಮೇಲೆ ಉದುರಿಸುವ ಜರಿಶ್ಕ್ ಎಂಬ ಪುಟ್ಟ ಕೆಂಪು ಹುಳಿಹಣ್ಣನ್ನು ಬೆಣ್ಣೆ, ಸಕ್ಕರೆಯಲ್ಲಿ ಸಣ್ಣ ಉರಿಯಲ್ಲಿ ಒಂದೇ ನಿಮಿಷ ಬಾಡಿಸಬೇಕು. ಫೋನ್ ಎತ್ತಿಕೊಂಡು ಬರುವಷ್ಟರಲ್ಲಿ ಅದು ಕಪ್ಪಾಗಿ ಕಹಿಯಾಗಿರುತ್ತದೆ. ನವ್ರೂಜ್, ಅಂದರೆ ಮಾರ್ಚ್ 20–21ರ ಹೊಸವರ್ಷಕ್ಕೆ, ಸೊಪ್ಪಿನ ಪೊಲೊ ಮತ್ತು ಮೀನು, ಜೊತೆಗೆ ಸೊಪ್ಪೇ ಹೆಚ್ಚು ಮೊಟ್ಟೆಯೇ ಕಡಿಮೆ ಇರುವ 'ಕೂಕು ಸಬ್ಜಿ'.

ಆಶ್ ಮತ್ತು ಆಬ್‌ಗೂಶ್ತ್

ಪಾರಸಿಯಲ್ಲಿ ಅಡುಗೆಯವರಿಗೆ 'ಆಶ್‌ಪಜ್', ಅಡುಗೆಮನೆಗೆ 'ಆಶ್‌ಪಜ್‌ಖಾನೆ'. ಎರಡೂ ಹುಟ್ಟಿದ್ದು 'ಆಶ್' ಎಂಬ ಗಟ್ಟಿ ಗಂಜಿಯ ಹೆಸರಿನಿಂದ. ಇಡೀ ಅಡುಗೆಮನೆಗೆ ಹೆಸರು ಕೊಟ್ಟ ತಿನಿಸು ಅದು. ಆಶ್ ರೆಶ್ತೆಯಲ್ಲಿ ಕಾಬೂಲಿ ಕಡಲೆ, ಕಾಳು, ಮಸೂರ, ಪಾಲಕ್, ಪಾರ್ಸ್ಲಿ, ಕೊತ್ತಂಬರಿ, 'ರೆಶ್ತೆ' ಎಂಬ ಗೋಧಿ ಶಾವಿಗೆ. ರೆಶ್ತೆಯಲ್ಲೇ ಉಪ್ಪಿರುತ್ತದೆ, ಮೈಗೆ ಹಿಟ್ಟು ಅಂಟಿರುತ್ತದೆ. ಆದ್ದರಿಂದ ಉಪ್ಪು ಕೊನೆಗೆ, ಶಾವಿಗೆಯನ್ನು ತೊಳೆಯುವುದು ಬೇಡ. ಆ ಹಿಟ್ಟೇ ಆಶ್‌ಗೆ ಮಂದ ಕೊಡುತ್ತದೆ. ಶಾವಿಗೆ ಹಾಕಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ತಳ ಮುಟ್ಟಿ ಕಲಕಬೇಕು. ಮೇಲೆ ಮೂರು ಅಲಂಕಾರ: ಮಜ್ಜಿಗೆಯಿಂದ ಮಾಡಿದ ಹುಳಿ ಉಪ್ಪಿನ 'ಕಶ್ಕ್', ಹೊಂಬಣ್ಣಕ್ಕೆ ಹುರಿದ ಈರುಳ್ಳಿ, ಮತ್ತು 'ನಾನಾ ದಾಗ್'. ಈ ಕೊನೆಯದು ನಮ್ಮ ಒಗ್ಗರಣೆಗೆ ಅತಿ ಹತ್ತಿರದ್ದು. ಎಣ್ಣೆ ಕಾಯಿಸಿ, ಒಲೆ ಆರಿಸಿ, ಆಮೇಲೆ 2 ಚಮಚ ಒಣ ಪುದೀನ ಹಾಕಿ ಹತ್ತು ಎಣಿಸುವಷ್ಟರಲ್ಲಿ ಮುಗಿಸಬೇಕು. ಉರಿಯ ಮೇಲೆಯೇ ಹಾಕಿದರೆ ಕಪ್ಪು, ಕಹಿ. ಕಶ್ಕ್ ಸಿಗದಿದ್ದರೆ ನೀರು ಬಸಿದ ಹುಳಿ ಮೊಸರಿಗೆ ಉಪ್ಪು ಕಲಸಿ, ಬಡಿಸುವಾಗ ಬಟ್ಟಲಿಗೆ ಹಾಕಿ. ಕುದಿಯುವ ಪಾತ್ರೆಗೆ ಹಾಕಿದರೆ ಒಡೆಯುತ್ತದೆ.

ಆಬ್‌ಗೂಶ್ತ್ ಎಂದರೆ ನೀರು–ಮಾಂಸ. ಕೊಬ್ಬಿರುವ ಕುರಿಮಾಂಸ 500 ಗ್ರಾಂ, ನೆನೆಸಿದ ಕಾಬೂಲಿ ಕಡಲೆ ಮತ್ತು ಬಿಳಿ ಬೀನ್ಸ್ ಕಾಳು ಅರ್ಧರ್ಧ ಕಪ್, ಈರುಳ್ಳಿ, ಅರಿಸಿನ, ನೀರು. ನಾಲ್ಕು ಗಂಟೆ ಸಣ್ಣ ಉರಿ. ಆಲೂಗಡ್ಡೆ, ಟೊಮೆಟೊ, ಒಣ ನಿಂಬೆ ಕೊನೆಯ ಒಂದು ಗಂಟೆಗೆ. ಕಲ್ಲಿನ 'ದೀಜಿ'ಯಲ್ಲಿ ಮಾಡಿದರೆ ಶಾಖ ಒಂದೇ ಸಮ ನಿಲ್ಲುತ್ತದೆ. ನಮ್ಮ ಕಲ್ಲುಮರಿಗೆ ಇದ್ದವರು ಅದರಲ್ಲೇ ಮಾಡಬಹುದು. ತಿನ್ನುವುದಕ್ಕೂ ಕ್ರಮವಿದೆ. ಮೊದಲು ಸಾರನ್ನು ಬಟ್ಟಲಿಗೆ ಬಸಿದು, ಸಂಗಕ್ ರೊಟ್ಟಿಯನ್ನು ಮುರಿದು ಹಾಕಿ ನೆನೆಸಿ ತಿನ್ನುತ್ತಾರೆ. ಆಮೇಲೆ ಪಾತ್ರೆಯಲ್ಲಿ ಉಳಿದ ಮಾಂಸ, ಕಾಳು, ಆಲೂಗಡ್ಡೆಯನ್ನು 'ಗೂಶ್ತ್‌ಕೂಬ್' ಎಂಬ ಕಡೆಗೋಲಿನಂಥದ್ದರಿಂದ ಕುಟ್ಟಿ ಮುದ್ದೆ ಮಾಡಿ, ಹಸಿ ಈರುಳ್ಳಿ, ಉಪ್ಪಿನಕಾಯಿ, ತುಳಸಿ ಜಾತಿಯ ರೈಹಾನ್ ಸೊಪ್ಪಿನ ಜೊತೆ ರೊಟ್ಟಿಯಲ್ಲಿ ಸುತ್ತಿ ಎರಡನೆಯ ಊಟ. ಕುಟ್ಟುವ ಮುಂಚೆ ಎಲುಬು ಮತ್ತು ಒಣ ನಿಂಬೆ ತೆಗೆಯಲು ಮರೆತರೆ ಮುದ್ದೆಯೆಲ್ಲ ಕಹಿ.

ಮೊದಲ ಸಲ ಮಾಡುವವರು ಚೆಲೊ ಮತ್ತು ಗೇಮೆಯಿಂದ ಶುರುಮಾಡಿ, ಅನ್ನದ ಹದ ಕೈಗೆ ಸಿಕ್ಕ ಮೇಲೆ ಗೊರ್ಮೆ ಸಬ್ಜಿಗೆ ಹೋಗಿ. ಖೊರೆಶ್ ಹಿಂದಿನ ದಿನವೇ ಮಾಡಿಟ್ಟರೆ ಊಟದ ದಿನ ಅನ್ನದ ಮೇಲಷ್ಟೇ ಕಣ್ಣಿಡಬಹುದು. ಉಳಿದ ಚೆಲೊವನ್ನು ಮಾರನೆಯ ದಿನ ಬಿಸಿ ಮಾಡುವಾಗ 2 ಚಮಚ ನೀರು ಚಿಮುಕಿಸಿ, ಮುಚ್ಚಳಕ್ಕೆ ಅದೇ ಬಟ್ಟೆ ಸುತ್ತಿ, ಹಂಚಿನ ಮೇಲೆ ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ, ಅಗುಳು ಮತ್ತೆ ಬಿಡಿಬಿಡಿಯಾಗುತ್ತದೆ. ತಹ್‌ದೀಗ್ ಮಾತ್ರ ಬಿಸಿ ಇರುವಾಗಲೇ ತಿಂದು ಮುಗಿಸಿ. ಆರಿದ ಮೇಲೆ ಅದು ಚಕ್ಕಳದಂತಾಗುತ್ತದೆ.